ಹದಿನೈದು ಸಾವಿರ, ಐದು ಜನ, ಮೂರು ರಾತ್ರಿ: ಹೊನ್ನಾವರ ಟ್ರಿಪ್ ಹೆಂಗಿತ್ತು ಅಂದ್ರೆ

ಏಪ್ರಿಲ್ ರಜ ಶುರುವಾಗೋಕ್ಕೆ ಎರಡು ತಿಂಗಳು ಮುಂಚೆನೇ ನಮ್ಮನೇಲಿ ಗಲಾಟೆ ಶುರುವಾಗಿತ್ತು, ಎಲ್ಲಿಗೆ ಹೋಗೋದು ಅಂತ. ನಾವು ಐದು ಜನ, ನಾನು, ನಮ್ಮನೆಯವ್ರು, ಅತ್ತೆ (ಅರವತ್ತೆಂಟು, ಮಂಡಿ ನೋವು), ಮಗಳು ನಾಲ್ಕನೇ ಕ್ಲಾಸು, ಮಗ ಎಲ್‌ಕೆಜಿ. ಕೈಯಲ್ಲಿದ್ದಿದ್ದು ಹದಿನೈದು ಸಾವಿರ, ಅದೂ ಚೀಟಿ ದುಡ್ಡಲ್ಲಿ ಉಳಿಸ್ಕೊಂಡಿದ್ದು, ಒಂದು ರೂಪಾಯಿ ಜಾಸ್ತಿ ಆಗಂಗಿಲ್ಲ ಅಂತ ನಾನು ಮೊದ್ಲೇ ಹೇಳ್ಬಿಟ್ಟಿದ್ದೆ. ಜೂನಲ್ಲಿ ಸ್ಕೂಲ್ ಫೀಸ್ ಬರುತ್ತಲ್ವಾ.

ಮಗಳಿಗೆ ಊಟಿ ಬೇಕು, ಅವಳ ಫ್ರೆಂಡ್ ಹೋಗಿ ಬಂದು ಟಾಯ್ ಟ್ರೈನ್ ಕಥೆ ಹೇಳಿದ್ಲಂತೆ. ನಮ್ಮನೆಯವ್ರಿಗೆ ಗೋವಾ. ಅತ್ತೆಗೆ ಧರ್ಮಸ್ಥಳ, ಕುಕ್ಕೆ, ಆಗಿದ್ರೆ ಶೃಂಗೇರಿ ಹೊರನಾಡು. ನಿಜ ಹೇಳ್ಬೇಕಂದ್ರೆ ದುಡ್ಡಿನ ಲೆಕ್ಕಕ್ಕೆ ಅತ್ತೆ ಹೇಳಿದ್ದೇ ಸರಿ, ರೂಮ್ ಕಮ್ಮಿ, ಎರಡು ಹೊತ್ತು ಪ್ರಸಾದ, ಆದ್ರೆ ಮಕ್ಕಳನ್ನ ಆಗ್ಲೇ ಎರಡು ಸಲ ಕರ್ಕೊಂಡು ಹೋಗಿದೀವಿ, ಮೂರನೇ ಸಲ ಕ್ಯೂನಲ್ಲಿ ನಿಲ್ಲಿಸಿದ್ರೆ ಅವು ಅಲ್ಲೇ ಮುಷ್ಕರ ಹೂಡ್ತವೆ. ನನಗೆ ಹಂಪಿ ಮನಸ್ಸಿತ್ತು. ಟಿಕೆಟ್ ಬರೀ 40 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅದೂ ಇಲ್ಲ. ಆದ್ರೆ ಏಪ್ರಿಲ್ ಬಿಸಿಲಲ್ಲಿ ಹಂಪಿ ಬಂಡೆ ಮೇಲೆ ಅತ್ತೆನ ನಡೆಸೋದು ಅಂದ್ರೆ ಕಾದ ಹೆಂಚಿನ ಮೇಲೆ ದೋಸೆ ಹುಯ್ದಂಗೆ, ಅದು ಡಿಸೆಂಬರ್ ಜನವರಿಗೆ ಇಟ್ಕೊಳ್ಳಿ.

ಈ ಮಧ್ಯ ನಮ್ಮ ಏರಿಯಾದ ಒಬ್ಬ ಟ್ರಾವೆಲ್ಸ್‌ನವನು (ಹೆಸರು ಬೇಡ ಬಿಡಿ) ಊಟಿ ಕೊಡೈಕನಾಲ್ ಪ್ಯಾಕೇಜ್ ಒಬ್ಬರಿಗೆ 7,999 ಅಂತ ಪಾಂಪ್ಲೆಟ್ ಕೊಟ್ಟ. ಕೇಳೋಕ್ಕೆ ಚೆನ್ನಾಗಿತ್ತು, ಆಮೇಲೆ ಕೂತು ಕೇಳಿದ್ರೆ ಮಧ್ಯಾಹ್ನದ ಊಟ ಸೇರಿಲ್ಲ, ಎಂಟ್ರಿ ಟಿಕೆಟ್ ಸೇರಿಲ್ಲ, ಮಗಳಿಗೂ ಫುಲ್ ಚಾರ್ಜು, ಒಟ್ಟು ಮೂವತ್ತೆರಡು ಸಾವಿರ ದಾಟ್ತು. ನಮಸ್ಕಾರ ಅಂತ ಎದ್ದು ಬಂದೆ.

ಆವಾಗ ನಾನೊಂದು ನೋಟ್‌ಬುಕ್ ತಗೊಂಡು ಕೂತೆ. ಇಲ್ಲಿವರೆಗೂ ನಾವು ಟ್ರಿಪ್ ಹೋದಾಗೆಲ್ಲ ದುಡ್ಡು ಎಲ್ಲಿ ಸೋರಿತು ಅಂತ ನೆನಪು ಮಾಡ್ಕೊಂಡ್ರೆ ಅದು ಬಸ್ ಟಿಕೆಟಲ್ಲೂ ಅಲ್ಲ, ರೂಮಲ್ಲೂ ಅಲ್ಲ, ಅಲ್ಲಿ ಹೋದ್ಮೇಲೆ ಸುತ್ತಾಡೋದ್ರಲ್ಲಿ. ಮೂರು ವರ್ಷದ ಹಿಂದೆ ಮಡಿಕೇರಿಗೆ ಹೋದಾಗ ಹೋಗಿ ಬರೋಕ್ಕೆ ಬಸ್ಸಿಗೆ ಎಷ್ಟೋ ಅಷ್ಟನ್ನ ಒಂದೇ ದಿನದ ಟ್ಯಾಕ್ಸಿಗೆ ಕೊಟ್ಟಿದ್ವಿ. ಅಬ್ಬಿ ಫಾಲ್ಸ್ ಒಂದು ಕಡೆ, ತಲಕಾವೇರಿ ಇನ್ನೊಂದು ಕಡೆ, ದುಬಾರೆ ಮತ್ತೊಂದು ಕಡೆ, ಬಸ್ ಕಾಯ್ಕೊಂಡು ಕೂತ್ರೆ ದಿನಕ್ಕೆ ಒಂದು ಜಾಗನೂ ಆಗಲ್ಲ. ಚಿಕ್ಕಮಗಳೂರು ಬೆಟ್ಟಗಳೂ ಅಷ್ಟೇ, ಜೀಪು ಇಲ್ದೆ ಕೆಲಸ ನಡಿಯಲ್ಲ. ಮಲೆನಾಡಲ್ಲಿ ರೂಮ್ ಎಷ್ಟು ಅಂತ ಕೇಳೋದಲ್ಲ ಸ್ವಾಮಿ, ಜೀಪ್ ಎಷ್ಟು ಅಂತ ಕೇಳ್ಬೇಕು.

ಹಂಗಾಗಿ ನಾನು ಹುಡುಕಿದ್ದು ಒಂದೇ, ಯಾವ ಕಡೆ ಲೋಕಲ್ ಬಸ್ಸಲ್ಲೇ ಎಲ್ಲ ನೋಡಬಹುದು, ಅದ್ರಲ್ಲೂ ಶಕ್ತಿ ಯೋಜನೆ (ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ) ನಡಿಯೋ ಬಸ್ಸು. ನಾನು, ಅತ್ತೆ, ಮಗಳು ಮೂರೂ ಜನ ಫ್ರೀ, ಮಗನಿಗೆ ಆರು ತುಂಬಿಲ್ಲ ಅಂತ ಅವನೂ ಫ್ರೀ, ಟಿಕೆಟ್ ಅಂದ್ರೆ ನಮ್ಮನೆಯವ್ರಿಗೆ ಒಬ್ಬರಿಗೇ. 2023ರ ಜೂನ್‌ನಿಂದ ಇದು ಇದ್ರೂ ನಾವು ಇದನ್ನ ತವರು ಮನೆಗೆ ಹೋಗೋಕ್ಕೆ ಮಾತ್ರ ಉಪಯೋಗ್ಸಿದ್ವಿ, ಪ್ರವಾಸದ ಲೆಕ್ಕದಲ್ಲಿ ತಂದೇ ಇರ್ಲಿಲ್ಲ. ಊಟಿ ಗೋವಾ ಎರಡೂ ಇಲ್ಲೇ ಔಟು, ರಾಜ್ಯದ ಹೊರಗಡೆ ನಡಿಯಲ್ಲ.

ಸಮುದ್ರ ಅಂತ ಮಕ್ಕಳು ಒಪ್ಪಿದ್ರು. ಮೊದ್ಲು ಉಡುಪಿ ಮಲ್ಪೆ ಅಂದ್ಕೊಂಡಿದ್ದೆ, ಆದ್ರೆ ನಮ್ಮ ಆಫೀಸಲ್ಲಿ ಕುಂದಾಪುರದವ್ರು ಒಬ್ರು ಇದಾರೆ, ಅವ್ರು ಒಂದು ಮಾತು ಹೇಳಿದ್ರು, "ನಮ್ಮ ಕಡೆ ಪ್ರೈವೇಟ್ ಬಸ್ಸುಗಳದ್ದೇ ಕಾರುಬಾರು ಮಾರಾಯ್ರೆ, ನಿಮ್ಮ ಆಧಾರ್ ಕಾರ್ಡ್ ಅಲ್ಲಿ ನಡೆಯುದಿಲ್ಲ." ನಿಜ ಅದು. ದಕ್ಷಿಣ ಕನ್ನಡ, ಉಡುಪಿ ಅಂದ್ರೆ ಪ್ರೈವೇಟ್ ಬಸ್ ರಾಜ್ಯ. ಅದೇ ಭಟ್ಕಳ ದಾಟಿ ಮೇಲೆ ಹೋದ್ರೆ ಸರ್ಕಾರಿ ಬಸ್ಸು, ವಾಯವ್ಯ ಸಾರಿಗೆದು, ಭಟ್ಕಳ, ಮುರುಡೇಶ್ವರ ಕ್ರಾಸ್, ಹೊನ್ನಾವರ, ಕುಮಟಾ, ಅಂಕೋಲಾ ಎಲ್ಲ ಒಂದೇ ಹೈವೇ ಮೇಲೆ ದಾರಕ್ಕೆ ಪೋಣಿಸಿದ ಹೂವಿನ ಥರ ಸಾಲಾಗಿದಾವೆ. ಅಲ್ಲಿಗೆ ಫಿಕ್ಸ್ ಆಯ್ತು. ಉಳ್ಕೊಳ್ಳೋಕ್ಕೆ ಮುರುಡೇಶ್ವರನೂ ಬೇಡ ಗೋಕರ್ಣನೂ ಬೇಡ, ಎರಡಕ್ಕೂ ನಡುವೆ ಇರೋ ಹೊನ್ನಾವರ ಅಂತ. ಟೂರಿಸ್ಟ್ ಊರಲ್ಲ, ತಾಲೂಕು ಊರು, ಹಂಗಾಗಿ ಹೋಟೆಲ್ಲಲ್ಲಿ ಇಡ್ಲಿಗೆ ಊರವ್ರಿಗೆ ಎಷ್ಟೋ ನಮಗೂ ಅಷ್ಟೇ.

ಹೋಗೋಕ್ಕೆ ರೈಲು. ಪಂಚಗಂಗಾ ಎಕ್ಸ್‌ಪ್ರೆಸ್ ಅಂತ ಬೆಂಗಳೂರು ಕಾರವಾರ, ಸಂಜೆ ಬಿಟ್ಟು ಬೆಳಗ್ಗೆ ತಲುಪ್ಸುತ್ತೆ, ನಾವು ಯಶವಂತಪುರದಲ್ಲಿ ಹತ್ತಿದ್ವಿ. ಈಗ ಅರವತ್ತು ದಿನ ಮುಂಚೆ ಮಾತ್ರ ಬುಕಿಂಗ್ ಓಪನ್ ಆಗೋದು, ಮುಂಚಿನ ಥರ ನಾಲ್ಕು ತಿಂಗಳಲ್ಲ, ರಜದ ಟೈಮಲ್ಲಿ ಬೆಳಗ್ಗೆ ಎಂಟಕ್ಕೆ ಮೊಬೈಲ್ ಹಿಡ್ಕೊಂಡು ಕೂರ್ಲೇಬೇಕು, ನಾವು ಹಂಗೇ ಮಾಡಿದ್ದು. ಮಗನಿಗೆ ಐದು ತುಂಬಿಲ್ಲ ಅಂತ ಟಿಕೆಟ್ ಇಲ್ಲ, ಮಗಳಿಗೆ ಹಾಫ್ ಆಗುತ್ತೆ ಆದ್ರೆ ಹಾಫ್ ತಗೊಂಡ್ರೆ ಬರ್ತ್ ಕೊಡಲ್ಲ, ರಾತ್ರಿ ಪೂರ್ತಿ ಮಡಿಲಲ್ಲಿ ಕೂರಿಸ್ಕೊಳ್ಳೋಕ್ಕೆ ಆಗುತ್ತಾ, ಫುಲ್ಲೇ ತಗೊಂಡ್ವಿ. ಅತ್ತೆಗೆ ಸೀನಿಯರ್ ರಿಯಾಯ್ತಿ ಇರುತ್ತೆ ಅಂತ ನಮ್ಮನೆಯವ್ರು ವಾದ ಮಾಡ್ತಿದ್ರು, 2020ರಲ್ಲೇ ಅದು ನಿಂತೋಗಿದೆ, ಲೋವರ್ ಬರ್ತ್ ಸಿಗುತ್ತೆ ಅಷ್ಟೇ. ಸ್ಲೀಪರ್ ನಾಲ್ಕು ಟಿಕೆಟ್ ಸೇರಿ 1,620 ಆಯ್ತು. ಪುಳಿಯೋಗರೆ, ಚಪಾತಿ, ಮೊಸರನ್ನ ಎಲ್ಲ ಮನೆಯಿಂದ್ಲೇ. ರೈಲು ಕ್ಲೀನಾಗಿತ್ತು, ರಾತ್ರಿ ಪೂರ್ತಿ ನಿದ್ದೆ ಬಂತು, ಒಂದೇ ಬೇಜಾರು ಅಂದ್ರೆ ಸಕಲೇಶಪುರ ಸುಬ್ರಹ್ಮಣ್ಯ ಘಾಟು ಕತ್ತಲಲ್ಲಿ ದಾಟಿಬಿಡುತ್ತೆ, ಆ ಸುರಂಗ ಸೇತುವೆ ಏನೂ ಕಾಣಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಕಿಟಕಿ ತುಂಬ ತೆಂಗಿನ ತೋಟ, ಹೊಳೆ, ಮಗ "ಅಮ್ಮಾ ಸಮುದ್ರ" ಅಂತ ಪ್ರತಿ ಹೊಳೆಗೂ ಕೂಗ್ತಿದ್ದ.

ಲಾಡ್ಜ್ ವಿಷಯದಲ್ಲಿ ನಾನೇ ತಪ್ಪು ಮಾಡ್ದೆ. ನಾಲ್ಕು ಬೆಡ್ ಇರೋ ಒಂದು ರೂಮು ನಾನ್ ಎಸಿ ದಿನಕ್ಕೆ 1,500, ಎಸಿ ಬೇಕಂದ್ರೆ ಐನೂರು ಜಾಸ್ತಿ. ಐನೂರು ಅಂದ್ರೆ ಒಂದು ಹೊತ್ತಿನ ಊಟ, ಬೇಡ ಅಂದೆ. ಬೆಂಗಳೂರಿನವ್ರಿಗೆ ಕರಾವಳಿ ಏಪ್ರಿಲ್ ಅಂದ್ರೆ ಏನು ಅಂತ ಗೊತ್ತಿರಲ್ಲ, ಬಿಸಿಲಲ್ಲ ಕಷ್ಟ, ಬೆವರು. ಫ್ಯಾನು ತಿರುಗ್ತಾನೇ ಇತ್ತು, ಬರ್ತಿದ್ದಿದ್ದು ಬಿಸಿ ಗಾಳಿ. ಮಗ ರಾತ್ರಿ ಎರಡಕ್ಕೆ ಎದ್ದು ಅಳೋಕ್ಕೆ ಶುರು, ಅತ್ತೆ ನೆಲದ ಮೇಲೆ ಸೆರಗು ಹಾಸ್ಕೊಂಡು ಮಲಗಿಬಿಟ್ರು, ನಮ್ಮನೆಯವ್ರು ಏನೂ ಮಾತಾಡ್ಲಿಲ್ಲ, ಅದೇ ಜಾಸ್ತಿ ಹಿಂಸೆ. ಬೆಳಗ್ಗೆ ಎದ್ದ ತಕ್ಷಣ ಕೆಳಗೆ ಹೋಗಿ ರೂಮ್ ಬದಲಾಯ್ಸಿಸ್ಕೊಂಡೆ. ಆ ಒಂದು ಸಾವಿರ ಈ ಟ್ರಿಪ್ಪಲ್ಲಿ ಖರ್ಚು ಮಾಡಿದ ಅತಿ ಒಳ್ಳೆ ದುಡ್ಡು. ಎಲ್ಲಿ ಉಳಿಸಬಾರದು ಅನ್ನೋದೂ ಬಜೆಟ್ಟಲ್ಲಿ ಬರ್ಕೊಂಡಿರ್ಬೇಕಿತ್ತು ನಾನು.

ಈಗ ಜಾಗಗಳಿಗೆ ಬರ್ತೀನಿ. ಎಲ್ಲಕ್ಕಿಂತ ಚೆನ್ನಾಗಿದ್ದಿದ್ದು ಕಾಸರಕೋಡು ಬೀಚು, ಕೇರಳದ್ದಲ್ಲ, ಹೊನ್ನಾವರದ್ದು, ಶರಾವತಿ ಸೇತುವೆ ದಾಟಿದ್ರೆ ಸಿಗುತ್ತೆ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಗುರುತು) ಸಿಕ್ಕಿದೆ ಅದಕ್ಕೆ, ಕರ್ನಾಟಕದಲ್ಲಿ ಅವತ್ತು ಸಿಕ್ಕಿದ್ದು ಅದಕ್ಕೂ ಪಡುಬಿದ್ರಿಗೂ ಮಾತ್ರ. ನನಗೆ ಫ್ಲ್ಯಾಗು ಗಿಗು ಏನೂ ಗೊತ್ತಿರ್ಲಿಲ್ಲ, ಆದ್ರೆ ಹೆಂಗಸರಿಗೆ ಬಟ್ಟೆ ಬದಲಾಯ್ಸೋಕ್ಕೆ ಚಿಲಕ ಇರೋ ರೂಮು, ಉಪ್ಪು ನೀರು ತೊಳ್ಕೊಳ್ಳೋಕ್ಕೆ ಶವರ್, ವಾಸನೆ ಬರದೇ ಇರೋ ಟಾಯ್ಲೆಟ್, ನೆರಳಲ್ಲಿ ಅತ್ತೆ ಕೂರೋಕ್ಕೆ ಜಾಗ, ವಿಸಿಲ್ ಊದೋ ಲೈಫ್‌ಗಾರ್ಡ್, ಇಷ್ಟೂ ಒಂದೇ ಬೀಚಲ್ಲಿ ನಾನು ಇಲ್ಲಿವರೆಗೂ ನೋಡಿರ್ಲಿಲ್ಲ. ಒಳಗೆ ಹೋಗೋಕ್ಕೆ ಸಣ್ಣ ಟಿಕೆಟ್ ಇದೆ, ಕೊಡಿ ಪರ್ವಾಗಿಲ್ಲ. ಮೂರು ದಿನದಲ್ಲಿ ಎರಡು ಸಂಜೆ ಅಲ್ಲೇ ಕಳೆದ್ವಿ. ಮಗಳು ರೆಸಾರ್ಟು, ಸ್ವಿಮ್ಮಿಂಗ್ ಪೂಲ್ ಅಂತ ಬೆಂಗಳೂರಲ್ಲಿ ಮೂತಿ ಊದಿಸ್ಕೊಂಡಿದ್ಲಲ್ಲ, ಮರಳಲ್ಲಿ ಗುಂಡಿ ತೋಡೋಕ್ಕೆ ಕೂತಮೇಲೆ ಆ ಹೆಸರೇ ಎತ್ತಲಿಲ್ಲ.

ಹತ್ರದಲ್ಲೇ ಕಾಂಡ್ಲಾವನ ಅಂತ ಇದೆ, ಶರಾವತಿ ಹೊಳೆ ಸಮುದ್ರ ಸೇರೋ ಕಡೆ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆ ದಾರಿ ಮಾಡಿದಾರೆ, ನೀರಲ್ಲೇ ಬೇರು ಬಿಟ್ಟ ಗಿಡ, ಕೆಸರಲ್ಲಿ ಏಡಿಗಳು, ಮಗ ಅಲ್ಲಿಂದ ಬರೋಕ್ಕೇ ಒಪ್ಪಲಿಲ್ಲ. ಅಲ್ಲೇ ಬೋಟಿಂಗ್ ಮಾಡಿದ್ವಿ. ಒಂದು ಕಿವಿಮಾತು, ಬೋಟಿಗೆ ರೇಟು ಇಡೀ ಬೋಟ್ ಲೆಕ್ಕದಲ್ಲಿ ಹೇಳ್ತಾರೆ, ಹಾಸನದಿಂದ ಬಂದಿದ್ದ ಇನ್ನೊಂದು ಫ್ಯಾಮಿಲಿನ ನಾವೇ ಮಾತಾಡ್ಸಿ ಜೊತೆಗೆ ಸೇರಿಸ್ಕೊಂಡು ಅರ್ಧ ಅರ್ಧ ಹಾಕಿದ್ವಿ, ಮಕ್ಕಳಿಗೂ ಜೊತೆ ಆಯ್ತು.

ಮುರುಡೇಶ್ವರಕ್ಕೆ ಎರಡನೇ ದಿನ. ಭಟ್ಕಳ ಬಸ್ ಹತ್ತಿ ಕ್ರಾಸಲ್ಲಿ ಇಳಿದು ಅಲ್ಲಿಂದ ಆಟೋ. 123 ಅಡಿ ಶಿವ, ಇಪ್ಪತ್ತು ಅಂತಸ್ತಿನ ರಾಜಗೋಪುರ, ಅದರೊಳಗೆ ಲಿಫ್ಟು. ಗೋಪುರದಲ್ಲಿ ಲಿಫ್ಟಲ್ಲಿ ಮೇಲೆ ಹೋಗೋದು ಅಂದ್ರೆ ಮಕ್ಕಳಿಗೆ ನಂಬಿಕೆನೇ ಇಲ್ಲ. ಮೇಲಿಂದ ಸಮುದ್ರಕ್ಕೆ ಬೆನ್ನು ಮಾಡಿ ಕೂತಿರೋ ಶಿವ, ಮೂರು ಕಡೆ ನೀರು, ಟಿಕೆಟ್ ದುಡ್ಡಿಗೆ ಮೋಸ ಇಲ್ಲ. ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಲಿಫ್ಟ್ ಕ್ಯೂ ಹನುಮಂತನ ಬಾಲ. ಶಿವನ ಕೆಳಗಡೆ ಗುಹೆಯೊಳಗೆ ರಾವಣ ಆತ್ಮಲಿಂಗ ತಂದ ಕಥೆನ ಗೊಂಬೆಗಳಲ್ಲಿ ಮಾಡಿದಾರೆ, ಗಣಪತಿ ಹುಡುಗನ ವೇಷದಲ್ಲಿ ಬಂದು ಲಿಂಗ ಕೆಳಗಿಟ್ಟಿದ್ದು, ರಾವಣ ಕಿತ್ತು ಎಸೆದ ಚೂರುಗಳು ಧಾರೇಶ್ವರ, ಗುಣವಂತೇಶ್ವರ, ಮುರುಡೇಶ್ವರ ಆಗಿದ್ದು ಎಲ್ಲ ಇದೆ. ಅತ್ತೆ ಮೊಮ್ಮಕ್ಕಳಿಗೆ ಒಂದೊಂದನ್ನೂ ನಿಂತು ಹೇಳಿದ್ರು, ಗೊಂಬೆ ಪಕ್ಕ ಬರ್ದಿರೋದಕ್ಕಿಂತ ಅವ್ರ ಕಥೆನೇ ಉದ್ದ ಇತ್ತು. ಆಮೇಲೆ ಬಸ್ಸಲ್ಲಿ ಧಾರೇಶ್ವರ ಬೋರ್ಡ್ ಕಂಡಾಗ ಮಗಳು "ಅಜ್ಜಿ, ರಾವಣ ಇಲ್ಲೀವರ್ಗೂ ಎಸೆದ್ನಾ" ಅಂತ ಕೇಳಿದ್ಲು.

ಅಲ್ಲಿ ನೀರಿಗೆ ಮಾತ್ರ ಮಕ್ಕಳನ್ನ ಬಿಡ್ಲಿಲ್ಲ. 2024ರ ಡಿಸೆಂಬರಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಅದೇ ಬೀಚಲ್ಲಿ ಮುಳುಗಿ ಹೋಗ್ಬಿಟ್ರಲ್ಲ, ಅದನ್ನ ಟಿವಿಲಿ ನೋಡಿದ ಮೇಲೆ ನನಗೆ ಆ ನೀರು ಕಂಡ್ರೇ ಹೊಟ್ಟೆ ತೊಳೆಸಿದಂಗಾಗುತ್ತೆ. ನಮ್ಮನೆಯವ್ರು ಮೊಣಕಾಲುದ್ದ ಅಷ್ಟೇ ಕಣೇ ಅಂದ್ರು, ನಾನು ಒಪ್ಪಲಿಲ್ಲ. ಆಡೋದು ಕಾಸರಕೋಡಲ್ಲಿ, ಇಲ್ಲಿ ನೋಡೋದು ಅಷ್ಟೇ ಅಂತ ಹೇಳಿದೆ. ಮಧ್ಯಾಹ್ನ ದೇವಸ್ಥಾನದ ಹತ್ರದ ಒಂದು ಹೋಟೆಲ್ಲಲ್ಲಿ ಊಟ ಮಾಡಿ ಮೋಸ ಹೋದ್ವಿ, ಸಮುದ್ರ ಕಾಣುತ್ತೆ ಅಂತ ಮೇಲೆ ಕೂರಿಸಿದ್ರು, ಬಿಲ್ಲಲ್ಲಿ ಸಮುದ್ರಕ್ಕೂ ಚಾರ್ಜ್ ಹಾಕಿದಂಗಿತ್ತು, ಸಾಂಬಾರು ನೀರು ನೀರು.

ಅದೇ ಹೊನ್ನಾವರ ಪೇಟೆ ಒಳಗಿನ ಮೀನೂಟ, ಆಹಾ. ಕುಚ್ಚಲಕ್ಕಿ ಅನ್ನ, ಮೀನ್ ಸಾರು, ಒಂದು ಬಂಗಡೆ ಫ್ರೈ, ಸೋಲ್ ಕಡಿ, ಒಬ್ಬರಿಗೆ ನೂರೈವತ್ತರ ಒಳಗೇ. ನಮ್ಮತ್ತೆ ಸೋಮವಾರ ಶನಿವಾರ ಮುಟ್ಟಲ್ಲ, ಹಂಗಾಗಿ ಸೋಮವಾರ ಎಲ್ಲರೂ ಸಸ್ಯಾಹಾರಿಗಳಾದ್ವಿ, ಒಂದು ಸಣ್ಣ ಖಾನಾವಳಿ ಥರದ ಕಡೆ ಅಪ್ಪೆಹುಳಿ ಹಾಕಿದ್ರು, ಮಾವಿನಮಿಡಿದು, ಕುಡಿಯೋಕ್ಕೇ ಕೊಡೋದು, ಆ ಬೆವರಿಗೆ ಅದು ಅಮೃತ. ಅತ್ತೆ ಮೂರು ಲೋಟ ಕುಡಿದು ಅಡಿಗೆಯವ್ರನ್ನ ಕರೆಸಿ ಮಾಡೋ ವಿಧಾನ ಕೇಳ್ಕೊಂಡ್ರು.

ಗೋಕರ್ಣ ನನ್ನ ಪ್ರಕಾರ ಈ ಟ್ರಿಪ್ಪಿನ ಸೋಲು. ಊರಿನ ತಪ್ಪಲ್ಲ, ನಾವು ಹೋದ ಹೊತ್ತು ತಪ್ಪು. ಕುಮಟಾಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ತಲುಪೋ ಹೊತ್ತಿಗೆ ಹನ್ನೊಂದೂವರೆ, ಮಹಾಬಲೇಶ್ವರನ ದರ್ಶನಕ್ಕೆ ಗಂಡಸರು ಶರ್ಟ್ ಬಿಚ್ಚಿ ಪಂಚೆ ಉಟ್ಕೋಬೇಕು, ನಮ್ಮನೆಯವ್ರು ಜೀನ್ಸಲ್ಲಿ ಬಂದಿದ್ರು, ಪಂಚೆ ತರೋಕ್ಕೆ ಅಂಗಡಿಗೆ ಓಡಿದ್ರು. ದರ್ಶನ ಚೆನ್ನಾಗಾಯ್ತು, ಮಧ್ಯಾಹ್ನ ಪ್ರಸಾದನೂ ಆಯ್ತು, ಅತ್ತೆಗೆ ತೃಪ್ತಿ. ಆದ್ರೆ ಓಂ ಬೀಚಿಗೆ ಅಂತ ಆಟೋ ಕೇಳಿದ್ರೆ ಹೇಳಿದ ರೇಟಲ್ಲಿ ನಾವು ಮೂರು ದಿನ ಬಸ್ಸಲ್ಲಿ ಓಡಾಡಬಹುದಿತ್ತು, ಹೋಗ್ಲೇ ಇಲ್ಲ. ಮಕ್ಕಳಿರೋರು ಗೋಕರ್ಣಕ್ಕೆ ಹೋಗೋದಾದ್ರೆ ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ ಹತ್ತರೊಳಗೆ ಎಲ್ಲ ಮುಗಿಸಿ.

ಆ ದಿನನ ಉಳಿಸಿದ್ದು ಮಿರ್ಜಾನ್ ಕೋಟೆ. ವಾಪಸ್ ಬರೋ ದಾರಿಲಿ, ಹೈವೇಗೆ ಹತ್ರನೇ, ನಾಲ್ಕು ಗಂಟೆ ಮೇಲೆ ಇಳಿದ್ವಿ. ಪಾಚಿ ಕಟ್ಟಿ ಒಣಗಿದ ಕೆಂಪು ಜಂಬಿಟ್ಟಿಗೆ ಗೋಡೆ, ಒಳಗೆ ಬಾವಿ, ಮೆಟ್ಟಿಲು, ಗುಟ್ಟು ದಾರಿ ಥರ ಕಾಣೋ ಸಂದಿಗಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಆಳಿದ ಕೋಟೆ, ಪೋರ್ಚುಗೀಸರು ಅವಳನ್ನ ಕಾಳುಮೆಣಸಿನ ರಾಣಿ ಅಂತಿದ್ರಂತೆ, ಇಲ್ಲಿಂದ ಮೆಣಸು ಹಡಗಲ್ಲಿ ಹೋಗ್ತಿತ್ತು. "ನಮ್ಮ ಮನೆ ಪೊಂಗಲ್‌ಗೆ ಹಾಕೋ ಮೆಣಸಾ" ಅಂದ್ಲು ಮಗಳು. ಹೌದು ಅದೇ ಅಂದೆ. ರಾಣಿ ಆಟ ಆಡಿ ಆಡಿ ಕತ್ತಲಾಗೋವರೆಗೂ ಬರ್ಲಿಲ್ಲ.

ಜೋಗಕ್ಕೆ ಹೋಗಿಲ್ವಾ ಅಂತ ಎಲ್ಲರೂ ಕೇಳ್ತಾರೆ. ಹೊನ್ನಾವರದಿಂದ ಅರವತ್ತು ಕಿಲೋಮೀಟರ್ ಅಷ್ಟೇ, ಬಸ್ಸೂ ಇದೆ. ಆದ್ರೆ ಮೇಲೆ ಲಿಂಗನಮಕ್ಕಿ ಡ್ಯಾಮ್ ಕಟ್ಟಿ ನೀರು ಹಿಡಿದಿಟ್ಟಿದಾರೆ, ಏಪ್ರಿಲಲ್ಲಿ ರಾಜ ರಾಣಿ ರೋರರ್ ರಾಕೆಟ್ ನಾಲ್ಕೂ ಸೇರಿದ್ರೂ ನಮ್ಮನೆ ನಲ್ಲಿ ಥರ ಇರುತ್ತೆ. ಮಳೆಗಾಲಕ್ಕೆ ಇಟ್ಕೊಂಡಿದೀವಿ.

ಬಸ್ಸುಗಳ ಬಗ್ಗೆ ಹೇಳ್ಬೇಕಂದ್ರೆ ಹೈವೇ ಮೇಲೆ ಜಾಸ್ತಿ ಕಾಯ್ಲಿಲ್ಲ, ಹದಿನೈದು ಇಪ್ಪತ್ತು ನಿಮಿಷಕ್ಕೆ ಒಂದು ಬರ್ತಿತ್ತು, ಕಂಡಕ್ಟರುಗಳು ಮರ್ಯಾದೆಯಿಂದ ಮಾತಾಡ್ಸಿದ್ರು. ಮಗಳ ಆಧಾರ್ ಕಾರ್ಡೂ ಇಟ್ಕೊಂಡಿರಿ, ನಮ್ಮನ್ನ ಒಂದು ಸಲ ಕೇಳಿದ್ರು. ಬೆಳಗ್ಗೆ ಕಾಲೇಜ್ ಟೈಮಲ್ಲಿ ಮಾತ್ರ ಹತ್ಬೇಡಿ, ಮಂಡಿ ನೋವಿರೋ ಅತ್ತೆನ ಇಟ್ಕೊಂಡು ಆ ರಶ್ಶಲ್ಲಿ ಆಗಲ್ಲ.

ವಾಪಸ್ ಬರೋದ್ರಲ್ಲಿ ದುರಾಸೆ ಮಾಡಿದ್ವಿ. ಫ್ರೀ ಇದೆಯಲ್ಲ, ಹಗಲು ಹೊತ್ತು ಘಾಟು ನೋಡ್ಕೊಂಡು ಕೆಂಪು ಬಸ್ಸಲ್ಲೇ ಹೋಗೋಣ ಅಂತ ಹೊನ್ನಾವರದಿಂದ ಗೇರುಸೊಪ್ಪೆ ಘಾಟು, ಸಾಗರ, ಶಿವಮೊಗ್ಗ, ಅಲ್ಲಿ ಬಸ್ ಬದಲಾಯ್ಸಿ ಬೆಂಗಳೂರು. ಘಾಟು ನಿಜಕ್ಕೂ ಸೊಗಸು, ಆದ್ರೆ ತಿರುವಿನಲ್ಲಿ ಮಗ ಎರಡು ಸಲ ವಾಂತಿ ಮಾಡ್ದ, ಶಿವಮೊಗ್ಗದಲ್ಲಿ ಒಂದು ಬಸ್ಸು ಸೀಟಿಲ್ಲ ಅಂತ ಬಿಟ್ಟು ಇನ್ನೊಂದಕ್ಕೆ ಕಾದ್ವಿ, ಸ್ಲೀಪರ್ರೋ ರಾಜಹಂಸನೋ ಹತ್ತೋಣ ಅಂದ್ರೆ ಅದಕ್ಕೆ ಶಕ್ತಿ ನಡಿಯಲ್ಲ, ಬೆಂಗಳೂರಿನ ದಾಸರಹಳ್ಳಿ ಮುಟ್ಟೋಕ್ಕೆ ಒಟ್ಟು ಹದಿನಾಲ್ಕು ಗಂಟೆ ಹಿಡೀತು. ಅತ್ತೆ ಎರಡು ದಿನ ಎದ್ದಿಲ್ಲ. ರೈಲಿಗೆ ಹೋಲಿಸಿದ್ರೆ ಉಳಿದಿದ್ದು ಹೆಚ್ಚೂಕಮ್ಮಿ ಸಾವಿರ ರೂಪಾಯಿ, ಮಂಡಿ ಎಣ್ಣೆ, ಬಿಸಿನೀರು, ಬೈಗುಳ ಲೆಕ್ಕ ಹಾಕಿದ್ರೆ ಲಾಸು. ನೀವು ಹೋದ್ರೆ ಬರೋದೂ ರೈಲಲ್ಲೇ ಬನ್ನಿ, ಘಾಟು ನೋಡ್ಲೇಬೇಕು ಅಂದ್ರೆ ತಾಳಗುಪ್ಪದವರೆಗೂ ಬಸ್ಸಲ್ಲಿ ಬಂದು ಅಲ್ಲಿಂದ ರಾತ್ರಿ ಮೈಸೂರು ರೈಲು ಹಿಡಿರಿ, ಅದು ಬೆಂಗಳೂರು ಮೇಲೇ ಹೋಗುತ್ತೆ.

ಲೆಕ್ಕ ಕೇಳೋರಿಗೆ ಹೇಳ್ಬಿಡ್ತೀನಿ, ಹೋಗೋ ರೈಲು 1,620, ಲಾಡ್ಜು 5,500, ಊಟ ತಿಂಡಿ ಎಳನೀರು ಎಲ್ಲ 4,150, ಲೋಕಲ್ ಬಸ್ಸು ಆಟೋ ಸೇರಿ 1,180 (ಅದ್ರಲ್ಲಿ ಆಟೋದೇ ಮುಕ್ಕಾಲು), ಬೋಟು ಲಿಫ್ಟು ಪಂಚೆ ಮತ್ತೆ ಮಗ ಹಠ ಮಾಡಿ ತಗೊಂಡ ಶಂಖ 1,240, ವಾಪಸ್ ಬಸ್ಸಿಗೆ ನಮ್ಮನೆಯವ್ರ ಟಿಕೆಟ್ ದಾರಿಲಿ ಕಾಫಿ ತಿಂಡಿ 780. ಒಟ್ಟು 14,470. ಉಳಿದ 530ರಲ್ಲಿ ಅತ್ತೆಗೆ ಮಂಡಿ ಎಣ್ಣೆ ತಂದಿದ್ದಾಯ್ತು.

ಕಾಸರಕೋಡು ಬೀಚಿಗೆ ಐದಕ್ಕೆ ಐದು, ಮುರುಡೇಶ್ವರ ನಾಲ್ಕು, ಮಿರ್ಜಾನ್ ನಾಲ್ಕೂವರೆ, ಗೋಕರ್ಣ ನಮ್ಮ ಹಣೆಬರಹಕ್ಕೆ ಎರಡೂವರೆ, ವಾಪಸ್ ಪ್ರಯಾಣಕ್ಕೆ ಒಂದು, ಅದೂ ಗೇರುಸೊಪ್ಪೆ ಘಾಟಿಗೋಸ್ಕರ. ಮುಂದಿನ ಸಲ ಡಿಸೆಂಬರಲ್ಲಿ ಹಂಪಿ ಅಂತ ಈಗ್ಲೇ ನೋಟ್‌ಬುಕ್ಕಲ್ಲಿ ಬರ್ದಿಟ್ಟಿದೀನಿ, ಮಗನಿಗೆ ಆಗಸ್ಟಿಗೆ ಐದು ತುಂಬುತ್ತೆ, ಅಂದ್ರೆ ರೈಲಲ್ಲಿ ಅವನಿಗೂ ಟಿಕೆಟ್ ಶುರು, ಬಸ್ಸಲ್ಲಿ ಇನ್ನೂ ಒಂದು ವರ್ಷ ಇದೆ.